ರಿವರ್ಸ್ ಕ್ಯಾಮೆರಾಕ್ಕೊಂದು ಕೊಡೆಕಡ್ಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಗಾಡಿ ಹಿಂದಕ್ಕೆ ತೆಗೆಯುವುದು ಒಬ್ಬರ ಕೆಲಸವಾಗಿರಲಿಲ್ಲ. ಬಸ್ಸು ರಿವರ್ಸ್ ಬರುವಾಗ ಕಂಡಕ್ಟರು ಇಳಿದು, ತಗಡನ್ನು ಅಂಗೈಯಿಂದ ಬಡಿಯುತ್ತ ‘ಬರ್ಲಿ, ಬರ್ಲಿ, ಬರ್ಲಿ’ ಎನ್ನುತ್ತಿದ್ದ. ಬೀಡಾ ಅಂಗಡಿಯವ ‘ಇನ್ನೂ ಜಾಗ ಇದೆ’ ಎಂದು ದನಿಗೂಡಿಸುತ್ತಿದ್ದ. ಬಸ್ಸಿಗೂ ತಮಗೂ ಸಂಬಂಧವೇ ಇಲ್ಲದ ನಾಲ್ಕು ಜನ ಕೈ ಬೀಸುತ್ತಿದ್ದರು. ಕಡೆಗೆ ‘ಹೋಲ್ಡಾನ್!’ ಎಂಬ ಕೂಗು. ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಸುಮಾರು ಮೂರು ದಶಕ ಮಲೆನಾಡಿನ ಇಕ್ಕಟ್ಟು ತಿರುವುಗಳಲ್ಲಿ ಹೀಗೆಯೇ ಹಿಂದೆ ಮುಂದೆ ಆಡಿದವು. 2020ರ ಫೆಬ್ರುವರಿಯಲ್ಲಿ ಅವೂ ನಿಂತವು. ಬಸ್ಸಿಲ್ಲದ ಮೇಲೆ ಕಾರೇ ಗತಿ. ಕಾರಿಗೆ ಕಂಡಕ್ಟರಿಲ್ಲ.

ಇಲ್ಲಿಯ ತೋಟದ ಮನೆಗಳ ದಾರಿಯೋ, ಒಂದು ಕಡೆ ಧರೆ, ಇನ್ನೊಂದು ಕಡೆ ಗದ್ದೆ. ಎದುರಿಗೆ ಗ್ಯಾಸ್ ಸಿಲಿಂಡರಿನ ಗಾಡಿ ಬಂತೆಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ಇಳಿಯುವವರು ಏರುವವರಿಗೆ ದಾರಿ ಬಿಡಬೇಕೆಂದು ಕಾನೂನು ಹೇಳುತ್ತದೆ. ಊರಿನ ಪದ್ಧತಿ ಬೇರೆ: ವಯಸ್ಸಿನಲ್ಲಿ ಚಿಕ್ಕವರು ಹಿಂದೆ ಹೋಗಬೇಕು. ಇಬ್ಬರೂ ಹಿರಿಯರಾದರೆ ಇಬ್ಬರೂ ಇಂಜಿನ್ ಆರಿಸಿ, ಇಳಿದು, ಅಡಿಕೆ ರೇಟು ಮಾತಾಡುತ್ತಾರೆ.

ಕೊಪ್ಪದ ಹತ್ತಿರದ, ಊರೆಲ್ಲ ‘ದೊಡ್ಡಪ್ಪ’ ಎಂದೇ ಕರೆಯುವ ತೋಟದ ಯಜಮಾನರೊಬ್ಬರಿಗೆ ಕ್ಯಾಮೆರಾದ ಆಸೆ ಹುಟ್ಟಿದ್ದು ಅಂಥದೊಂದು ರಿವರ್ಸಿನಲ್ಲಿ, ಕಾರಿನ ಹಿಂದಿನ ಚಕ್ರ ಚರಂಡಿಗೆ ಇಳಿದ ಮೇಲೆ. ಅದಕ್ಕೆ ಮೊದಲು ಅವರ ಕಾರಿಗಿದ್ದದ್ದು ಹಾಡು ಹೇಳುವ ರಿವರ್ಸ್ ಹಾರ್ನ್. ಅದರಿಂದ ಹಿಂದಿದ್ದವರಿಗೆ ಎಚ್ಚರಿಕೆ ಸಿಗುತ್ತಿತ್ತು, ಓಡಿಸುವವರಿಗೆ ಏನೂ ಸಿಗುತ್ತಿರಲಿಲ್ಲ. 2019ರ ಜುಲೈ 1ರಿಂದ ನಮ್ಮಲ್ಲಿ ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಕಿವಿಗೆ ಕೇಳಿಸದ ಶಬ್ದದ ಅಲೆ ಕಳಿಸಿ, ಅದು ಬಡಿದು ಮರಳುವ ಹೊತ್ತಿನಿಂದ ದೂರ ಲೆಕ್ಕ ಹಾಕುವ ಉಪಕರಣ ಅದು. ಮಲೆನಾಡಿನಲ್ಲಿ ಎತ್ತರದ ಹುಲ್ಲು ಕಂಡರೂ ಕಿರುಚುತ್ತದೆ, ಚರಂಡಿಯ ವಿಷಯದಲ್ಲಿ ಮಾತ್ರ ಮೌನ. ಇಲ್ಲದ ನೆಲಕ್ಕೆ ಅಲೆ ಬಡಿಯುವುದಾದರೂ ಹೇಗೆ?

ಕ್ಯಾಮೆರಾ ಹೊಸದೇನಲ್ಲ. ಕನ್ನಡನಾಡು ಒಂದಾದ 1956ರಲ್ಲೇ ಅಮೆರಿಕದ ಜನರಲ್ ಮೋಟರ್ಸ್, ಬ್ಯೂಯಿಕ್ ಸೆಂಚುರಿಯನ್ ಎಂಬ ಪ್ರದರ್ಶನದ ಕಾರಿನಲ್ಲಿ ಕನ್ನಡಿ ತೆಗೆದುಹಾಕಿ, ಬಾಲದಲ್ಲಿ ಟೀವಿ ಕ್ಯಾಮೆರಾ ಇಟ್ಟು ತೋರಿಸಿತ್ತು. ಅದು ಕೊಪ್ಪದ ಅಂಗಳ ಮುಟ್ಟುವಾಗ ದೊಡ್ಡಪ್ಪನ ತಮ್ಮನ ಮಗ ಇಂಜಿನಿಯರಿಂಗ್ ಓದುತ್ತಿದ್ದ. ‘ಅಂಗಡಿಯವರಿಗೆ ಯಾಕೆ ದುಡ್ಡು, ನಾವೇ ಹಾಕುವ’ ಎಂದ. ಟಾರ್ಚು ಹಿಡಿಯುವ ಹುದ್ದೆಗೆ ಈ ಪ್ರಬಂಧಕಾರನ ನೇಮಕವಾಯಿತು. ಇಂಥ ಹುದ್ದೆಗಳಿಗೆ ಪ್ರಬಂಧಕಾರರು ಅರ್ಜಿ ಹಾಕಬೇಕಾಗಿಲ್ಲ.

ಕೆಲಸ ಕೇಳಲು ಸಲೀಸು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಬೇಕು. ಕ್ಯಾಮೆರಾದ ಕೆಂಪು ವೈರು ರಿವರ್ಸ್ ಲೈಟಿನ ಪಾಸಿಟಿವಿಗೆ, ಕಪ್ಪು ವೈರು ಕಾರಿನ ಮೈತಗಡಿಗೆ. ಗೇರು ಹಿಂದಕ್ಕೆ ಬಿದ್ದಾಗ ಮಾತ್ರ ಕ್ಯಾಮೆರಾ ಎಚ್ಚರಗೊಳ್ಳಲಿ ಎಂದು ಈ ಏರ್ಪಾಡು. ಆ ಪಾಸಿಟಿವ್ ಯಾವುದೆಂದು ಹುಡುಕುವಾಗ ಮಾತ್ರ ಬ್ಯಾಟರಿ ಮತ್ತೆ ಜೋಡಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟ್ ಮಾಡದೆ ಕೀಲಿಯಷ್ಟೇ ತಿರುಗಿಸಿ, ರಿವರ್ಸ್ ಗೇರ್ ಹಾಕಿ ಮಲ್ಟಿಮೀಟರಿನಲ್ಲಿ ನೋಡಬೇಕು. ದೊಡ್ಡಪ್ಪ ತಂದುಕೊಟ್ಟದ್ದು ಮನೆಯ ಕರೆಂಟಿನ ಟೆಸ್ಟರು. 12 ವೋಲ್ಟಿಗೆ ಅದು ಮಿಣುಕಲಿಲ್ಲ. ‘ನಿನ್ನ ಕಾರಲ್ಲಿ ಕರೆಂಟೇ ಇಲ್ಲ’ ಎಂದು ಅವರು ತಮ್ಮದೇ ಕಾರಿನ ಬಗ್ಗೆ ಹುಡುಗನನ್ನು ಗದರಿದರು. ವೈರು ಕೂಡಿಸಿದಲ್ಲಿ ಚಿಕ್ಕದೊಂದು ಫ್ಯೂಸು, ಮೇಲೆ ಟೇಪು. ಸೈಲೆನ್ಸರಿನ ಹತ್ತಿರ ವೈರು ಸುಳಿಯಕೂಡದು. ಏರ್‌ಬ್ಯಾಗ್ ಇರುವ ಕಂಬದ ಕಡೆಗಂತೂ ತಲೆಹಾಕಲೇಬಾರದು. ತಗಡು ಕೊರೆದರೆ ಪೇಂಟ್ ಬಳಿಯಬೇಕು, ಇಲ್ಲಿಯ ಮಳೆ ತುಕ್ಕಿಗೆ ತವರುಮನೆ. ಇವರು ಕೊರೆಯದೆ ನಂಬರ್ ಪ್ಲೇಟಿನ ಸ್ಕ್ರೂಗೇ ಕ್ಯಾಮೆರಾ ಕೂರಿಸಿದರು. ಇಷ್ಟೂ ಕಾಫಿ ಕುಡಿಯುವುದರೊಳಗೆ ಮುಗಿಯಿತು.

ಮುಗಿಯದೆ ಉಳಿದದ್ದು ರಬ್ಬರ್ ಕೊಳವೆ.

ಡಿಕ್ಕಿ ಬಾಗಿಲಿಗೂ ಕಾರಿನ ಮೈಗೂ ನಡುವೆ, ಮೇಲ್ಗಡೆ, ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆಯೊಂದಿದೆ. ಗೇಣುದ್ದವೂ ಇಲ್ಲ. ಕಂಪನಿಯ ವೈರುಗಳೆಲ್ಲ ಅದರೊಳಗೇ ಹೋಗುತ್ತವೆ. ಮುಂದಿನ ಸ್ಕ್ರೀನಿಗೆ ಚಿತ್ರ ಒಯ್ಯುವ ಕ್ಯಾಮೆರಾದ ವೈರೂ ಹೋಗಬೇಕು. ಹೊರಗಿಂದ ಎಳೆದರೆ ಬಾಗಿಲು ಅದನ್ನು ಕಡಿಯುತ್ತದೆ, ಮಳೆನೀರು ಅದನ್ನೇ ಹಿಡಿದು ಒಳಗಿಳಿಯುತ್ತದೆ. ಒಳಗೆ ತಳ್ಳಿದರೆ ಎರಡನೇ ಸುಕ್ಕಿನಲ್ಲಿ ನಿಲ್ಲುತ್ತದೆ. ಬಿದಿರು ಕಡ್ಡಿ ಮುರಿಯಿತು. ಕಸಬರಿಕೆ ಕಡ್ಡಿ ಬಾಗಿತು. ದೊಡ್ಡಪ್ಪ ಕೊಬ್ಬರಿ ಎಣ್ಣೆ ಬಿಡಲು ಹೊರಟರು. ಎಣ್ಣೆಗೆ ರಬ್ಬರ್ ಹಾಳಾಗುತ್ತದೆಂದು ಹುಡುಗ ತಡೆದು ಸೋಪಿನ ನೀರು ತರಿಸಿದ. ವೈರು ಜಾರಿತು, ಹೊರಕ್ಕೆ.

‘ಎಂಥ ಸಾವು ಮಾರಾಯ ಇದು!’

ಜಗಲಿಯಲ್ಲಿ ಅಡಿಕೆ ಆರಿಸುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ ಹೇಳಿದರು: ‘ಕೊಡೆಕಡ್ಡಿ ಹಾಕಿ ನೋಡಿ.’

ಮಲೆನಾಡಿನ ಅಟ್ಟದಲ್ಲಿ ಸತ್ತ ಕೊಡೆಗಳಿಗೆ ಬರವಿಲ್ಲ. ಕಂತೆಯೇ ಅಂಗಳಕ್ಕೆ ಇಳಿಯಿತು, ಆಯ್ಕೆ ಸಮಿತಿ ಕುಳಿತಿತು. ಮೂರು ಮಡಿಕೆಯ ಕೊಡೆಯ ಕಡ್ಡಿಗೆ ನಡುನಡುವೆ ಕೀಲು, ಅನರ್ಹ. ಶೃಂಗೇರಿಯಲ್ಲಿ ನವರಾತ್ರಿಯ ಗಾಳಿಗೆ ತಿರುಚಿಕೊಂಡದ್ದು ವೀಣೆಯ ತಂತಿಗಾದರೂ ಆದೀತು, ಇದಕ್ಕಾಗದು. ಇನ್ನೊಂದು ತಿಥಿಮನೆಯಲ್ಲಿ ಅದಲುಬದಲಾಗಿ ಬಂದದ್ದು. ‘ಅದರ ಯಜಮಾನರು ಇನ್ನೂ ಇದ್ದಾರೆ, ಮುರಿಯಬೇಡಿ’ ಎಂದು ದೊಡ್ಡಮ್ಮನ ತಡೆಯಾಜ್ಞೆ. ಉಳಿದದ್ದು ಮರದ ಹಿಡಿಯ ಉದ್ದನೆಯ ಕಪ್ಪು ಕೊಡೆ. ದೊಡ್ಡಪ್ಪ ಅದರ ಕಡ್ಡಿ ಬಿಚ್ಚಿ, ಬಗ್ಗಿಸಿ, ಬಿಟ್ಟು, ಅದು ‘ಟಣ್’ ಎಂದು ನೆಟ್ಟಗಾದದ್ದನ್ನು ಕಂಡು ಕಣ್ಣು ಅರಳಿಸಿದರು. ಬಟ್ಟೆಗೆ ಹೊಲಿಯಲೆಂದು ಕಡ್ಡಿಯ ತುದಿಯಲ್ಲಿ ತೂತೊಂದಿರುತ್ತದೆ. ವೈರು ಕಟ್ಟುವುದಕ್ಕೆ ಅದಕ್ಕಿಂತ ಒಳ್ಳೆಯ ತೂತನ್ನು ಯಾವ ವಿಶ್ವವಿದ್ಯಾಲಯವೂ ಕಂಡುಹಿಡಿದಿಲ್ಲ. ಚೂಪು ತುದಿ ಕಂಪನಿಯ ವೈರುಗಳನ್ನು ಗೀರದಿರಲೆಂದು ಟೇಪು ಸುತ್ತಿ, ಸೋಪು ಸವರಿ, ದೊಡ್ಡಪ್ಪ ತಳ್ಳಿದರು. ಒಂದು ಸುಕ್ಕು. ಎರಡು. ಹುಡುಗ ಒಳಗಿಂದ ‘ಬಂತು, ಬಂತು’ ಎಂದ. ಅದೇ ಹೊತ್ತಿಗೆ ಹಲಸಿನ ಮರಕ್ಕೊಂದು ಮಂಗಟ್ಟೆ ಹಕ್ಕಿ ಬಂದು ಕೂತಿತು. ಟಾರ್ಚಿನ ಬೆಳಕು, ಅದನ್ನು ಹಿಡಿದಿದ್ದ ಪ್ರಬಂಧಕಾರನ ಸಮೇತ, ಹಕ್ಕಿಯ ಕಡೆ ತಿರುಗಿತು. ಮರಳಿ ಬರುವಷ್ಟರಲ್ಲಿ ವೈರು ಕಳಚಿ ಕೈಯಲ್ಲಿತ್ತು. ಕಡ್ಡಿ ಕಾರಿನ ಚಾವಣಿಯೊಳಗೆ ಐಕ್ಯವಾಗಿತ್ತು.

ಹತ್ತು ನಿಮಿಷ ಯಾರೂ ಪ್ರಬಂಧಕಾರನ ಜೊತೆ ಮಾತಾಡಲಿಲ್ಲ. ಆಮೇಲೆ ಹುಡುಗ ಹಾಳಾದ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು ತಂದು ಚಾವಣಿಯ ಬಟ್ಟೆಯ ಮೇಲೆ ಸವರುತ್ತ ಹೋದ. ಒಳಗಿನ ಕಡ್ಡಿ ಗರಗರ ಎನ್ನುತ್ತ ಹಿಂಬಾಲಿಸಿ, ಕೊಳವೆಯ ಬಾಯಲ್ಲಿ ಮೂಗು ತೂರಿಸಿತು. ಮತ್ತೆ ಕಟ್ಟಿ, ಈ ಸಲ ಟಾರ್ಚನ್ನು ದೊಡ್ಡಮ್ಮನಿಗೆ ವಹಿಸಿ, ವೈರು ದಾಟಿಸಿದರು.

ಸ್ಕ್ರೀನಿನಲ್ಲಿ ಅಂಗಳ ಮೂಡಿತು, ಎಡಬಲ ಅದಲುಬದಲಾಗಿ. ಎಡಗಡೆಯ ಅಡಿಕೆರಾಶಿ ಬಲಕ್ಕೆ, ಬಲದ ಬಾವಿಕಟ್ಟೆ ಎಡಕ್ಕೆ. ಅಡಿಕೆ ತಪ್ಪಿಸಲು ಹೋದವನು ಅಡಿಕೆಯ ಮೇಲೇ ಹತ್ತಬೇಕು. ಹಿಂಬದಿಯ ಕ್ಯಾಮೆರಾ ಕನ್ನಡಿಯ ಹಾಗೆ ತಿರುಗಿಸಿ ತೋರಿಸಬೇಕು, ಇದು ಮುಂಬದಿಯ ಲೆಕ್ಕದಲ್ಲಿತ್ತು. ಇಂಥ ಅಗ್ಗದ ಕ್ಯಾಮೆರಾಗಳ ಬಾಲದಲ್ಲಿ ಅದಕ್ಕೆಂದೇ ಒಂದು ಸಣ್ಣ ವೈರಿನ ಕುಣಿಕೆ ಇರುತ್ತದೆ. ಕತ್ತರಿಸಿದರೆ ಚಿತ್ರ ಮಗುಚುತ್ತದೆ. ಕತ್ತರಿಸಿದರು, ಸರಿಯಾಯಿತು.

ಇನ್ನು ಸ್ಕ್ರೀನಿನಲ್ಲಿ ದೂರ ತೋರಿಸುವ ಹಸಿರು, ಹಳದಿ, ಕೆಂಪು ಗೆರೆಗಳ ಅಳತೆ ನೋಡಬೇಕು. ‘ಪುಟ್ಟನ್ನ ಹಿಂದೆ ನಿಲ್ಸು, ಕಾಣ್ತಾನಾ ನೋಡುವ’ ಎಂದರು ದೊಡ್ಡಪ್ಪ, ಮನೆಯ ಚಿಕ್ಕ ಮಗುವನ್ನು ತೋರಿಸಿ. ಹುಡುಗ ಒಪ್ಪಲಿಲ್ಲ, ಬಕೆಟ್ಟು ಇಟ್ಟ.

ಅವನು ಮಾಡಿದ್ದು ಸರಿ. 2002ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮನೆಯೆದುರು ಕಾರು ಹಿಂದಕ್ಕೆ ತೆಗೆಯುತ್ತಿದ್ದ ಮಕ್ಕಳ ವೈದ್ಯರೊಬ್ಬರಿಗೆ ತಮ್ಮ ಎರಡು ವರ್ಷದ ಮಗ ಕ್ಯಾಮರೂನ್ ಹಿಂದೆ ಬಂದದ್ದು ಕಾಣಲಿಲ್ಲ. ಅವರು ಕನ್ನಡಿಯನ್ನೂ ನೋಡಿದ್ದರು, ತಿರುಗಿಯೂ ನೋಡಿದ್ದರು. ಆ ಮಗುವಿನ ಹೆಸರಿನಲ್ಲೇ ಬಂದ ಕಾನೂನಿಗೆ 2008ರಲ್ಲಿ ಸಹಿ ಬಿತ್ತು. 2018ರ ಮೇ 1ರಿಂದ ಅಮೆರಿಕದಲ್ಲಿ ಪ್ರತಿ ಹೊಸ ಕಾರಿಗೂ ಕ್ಯಾಮೆರಾ ಕಡ್ಡಾಯ. ಹಿಂದಿನ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಕಾಣಬೇಕು, ಗೇರು ಬಿದ್ದ 2 ಸೆಕೆಂಡಿನೊಳಗೆ ಚಿತ್ರ ಬರಬೇಕು. ನಮ್ಮ ಅಂಗಳಗಳಲ್ಲೂ ಮಕ್ಕಳು ಆಡುವುದು ಕಾರಿನ ಹಿಂದೆಯೇ.

ಹಾಗೆಂದು ಸ್ಕ್ರೀನನ್ನೇ ನೆಚ್ಚಿದವರ ಪಾಡು ನೋಡಬೇಕಾದರೆ ರಜಾದಿನ ಶೃಂಗೇರಿಯ ಗಾಂಧಿ ಮೈದಾನಕ್ಕೆ ಹೋಗಬೇಕು. ತುಂಗೆ ಉಕ್ಕಿದಾಗ ಮುಳುಗುವ ಮೈದಾನ ಅದು, ಉಳಿದ ದಿನ ಕಾರುಗಳಲ್ಲಿ ಮುಳುಗಿರುತ್ತದೆ. ಹಿಂದೆ ಏನಿದೆಯೆಂದು ಸ್ಕ್ರೀನಿನಲ್ಲಿ ತದೇಕಚಿತ್ತದಿಂದ ನೋಡುತ್ತ, ಸ್ಟೇರಿಂಗ್ ತಿರುಗಿಸಿ, ಕಾರಿನ ಮುಂದಿನ ಮೂತಿಯನ್ನು ಪಕ್ಕದವರ ಸ್ಕೂಟರಿಗೆ ಒರೆಸುವ ಮಹನೀಯರು ಅಲ್ಲಿ ಯಥೇಚ್ಛ ಸಿಗುತ್ತಾರೆ. ‘ಕ್ಯಾಮೆರಾ ಇದೆಯಲ್ಲ!’ ಎಂದು ಜಗಳವನ್ನೂ ಅವರೇ ಶುರುಮಾಡುತ್ತಾರೆ.

ಮಳೆಗಾಲ ಬಂತು. ಆರಿದ್ರಾ ಮಳೆಗೆ ತೋಟದ ದಾರಿಯ ಕೆಸರೆಲ್ಲ ಹಿಂದಿನ ಚಕ್ರದಿಂದ ಎದ್ದು ನೇರ ಕ್ಯಾಮೆರಾದ ಮೇಲೆ. ಸ್ಕ್ರೀನಿನಲ್ಲಿ ಮೂರು ಬಣ್ಣದ ಗೆರೆಗಳು ಮಾತ್ರ ಸ್ವಚ್ಛ, ಉಳಿದದ್ದೆಲ್ಲ ರಾಗಿ ಗಂಜಿ. ಈಗ ಕಾರಿನ ಬಾಗಿಲ ಜೇಬಿನಲ್ಲಿ ಹಳೇ ಪಂಚೆಯ ತುಂಡು ಇರುತ್ತದೆ. ರಿವರ್ಸ್ ಹಾಕುವ ಮುಂಚೆ ದೊಡ್ಡಪ್ಪ ಕೊಡೆ ಬಿಚ್ಚಿ ಇಳಿಯುತ್ತಾರೆ, ಹಿಂದೆ ಹೋಗುತ್ತಾರೆ, ಕ್ಯಾಮೆರಾ ಒರೆಸಿ ಬಂದು ಕೂರುತ್ತಾರೆ.

‘ದೊಡ್ಡಪ್ಪ, ಇಳಿದು ಹಿಂದೆ ಹೋದ ಮೇಲೆ ಹಿಂದೆ ಎಂಥ ಇದೆ ಅಂತ ಕಣ್ಣಿಗೇ ಕಾಣ್ತದಲ್ಲ, ಮತ್ತೆ ಕ್ಯಾಮೆರಾ ಎಂತಕ್ಕೆ?’ ಎಂದ ಹುಡುಗ.

‘ದುಡ್ಡು ಕೊಟ್ಟು ತಂದದ್ದಲ್ಲನಾ ಮಾರಾಯ,’ ಎಂದರು ಅವರು ಗೇರು ಹಾಕುತ್ತ, ‘ಒರೆಸದೆ ಬಿಟ್ರೆ ಹಾಳಾಗಲ್ವಾ?’