ತಾಮ್ರಸಂಚಯ ಮೀಮಾಂಸೆ: ತೂತಿನ ದುಡ್ಡಿನ ಪರಿಪ್ರೇಕ್ಷ್ಯದಲ್ಲಿ ಒಂದು ಅನುಸಂಧಾನ

ಆಪತ್ಕಾಲೀನ ಮೌಲ್ಯಸಂರಕ್ಷಣೆಯ ಲೋಹಾತ್ಮಕ ಆಯಾಮಗಳನ್ನು ಗೊಳಸಂಗಿಯ ಒಂದು ಗಡಗಿಯ ನೆಲೆಯಲ್ಲಿ ನಿಂತು ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ. ಗಡಗಿ ನಮ್ಮ ಆಯಿಯದು. ಅಡಕಲಿನ ತಳದ್ದು. ಅದರೊಳಗೆ 320 ತೂತಿನ ದುಡ್ಡುಗಳಿವೆ. 64ಕ್ಕೆ ಒಂದು ರೂಪಾಯಿಯಂತೆ ಆಗಿನ ಕಾಲದ ಐದು ರೂಪಾಯಿ.

ಅನುಸಂಧಾನಕ್ಕೆ ಪ್ರೇರಣೆ ಒದಗಿಸಿದ್ದು ನಮ್ಮೂರಲ್ಲಿ ನಡೆದ ಒಂದು ಹಣಕಾಸು ಅರಿವು ಕಾರ್ಯಾಗಾರ. ಸಂಪನ್ಮೂಲ ವ್ಯಕ್ತಿಗಳು ಮೂರು ತಾಸು ಪೋರ್ಟ್‌ಫೋಲಿಯೊ, ಹೆಡ್ಜ್, ಅಸೆಟ್ ಕ್ಲಾಸ್ ಎಂದು ಮಂತ್ರ ಹೇಳಿದರು. ಹಣದುಬ್ಬರಕ್ಕೆ ಬೇಲಿ ಹಾಕಬೇಕಂತೆ, ಉಳಿತಾಯದ ಹತ್ತನೇ ಒಂದು ಪಾಲು ಬಂಗಾರದಲ್ಲಿರಬೇಕಂತೆ. ಕಳೆ ತೆಗೆಯುವ ಕೂಲಿ ಬಿಟ್ಟು ಬಂದು ಕೂತಿದ್ದ ಮುದುಕಿಯೊಬ್ಬಳು, “ಉಳಿತಾಯ ಅಂದ್ರ ಯಾವುದ್ರೀ ಅದು, ಬಿತ್ತಿಗಿ ಮುಂಚಿಂದೋ, ರಾಶಿ ಆದಮ್ಯಾಗಿಂದೋ?” ಎಂದಳು. ಮಂದಿ ನಕ್ಕರು. ವ್ಯಕ್ತಿಗಳು ಮುಂದಿನ ಸ್ಲೈಡಿಗೆ ಹೋದರು. ಆಮೇಲೆ ಉಪ್ಪಿಟ್ಟು ಕೊಟ್ಟರು, ಅದು ಚೆನ್ನಾಗಿತ್ತು.

ಈಗ ಐತಿಹಾಸಿಕ ಹಿನ್ನೆಲೆ. ಎರಡನೇ ಮಹಾಯುದ್ಧ ಬಂದಾಗ ಸರಕಾರಕ್ಕೆ ತಾಮ್ರ ಸಾಲದಾಯಿತು. 4.86 ಗ್ರಾಂ ತೂಗುತ್ತಿದ್ದ ದುಡ್ಡಿನ ನಡುವೆ ತೂತು ಕೊರೆದು, ಮೈ ತೆಳ್ಳಗೆ ಮಾಡಿ, ಬರೀ 2 ಗ್ರಾಮಿಗೆ ಇಳಿಸಿದರು. 1943ರಿಂದ 1947ರವರೆಗೆ ಅಚ್ಚಾದದ್ದು ಈ ದುಡ್ಡು. ನಡುವಿನ ಶೂನ್ಯವನ್ನು ವಸಾಹತುಶಾಹಿ ಸಂಕಥನದ ರೂಪಕವಾಗಿ ಓದಲು ಅವಕಾಶವಿದೆ. ನಮ್ಮ ಕಡೆಯ ಬಡಿಗೇರರು ಅದನ್ನು ವಾಷರ್ ಎಂದು ಓದಿದರು. ಎರಡು ಓದುಗಳಲ್ಲಿ ಗಟ್ಟಿಯಾಗಿ ಕೂತದ್ದು ಎರಡನೆಯದೇ.

ತಾಮ್ರಸಂಚಯವನ್ನು ಹನ್ನೊಂದು ಪ್ರಭೇದಗಳಾಗಿ ವಿಂಗಡಿಸಬಹುದು. ಒಂದು, ಹೊಸ್ತಿಲಸ್ಥ ತಾಮ್ರ: ಮೊಳೆ ಹೊಡೆದು ಹೊಸ್ತಿಲಿಗೆ ಕೂಡಿಸಿದ್ದು, ಚರವಾಗಿದ್ದೂ ಸ್ಥಿರಾಸ್ತಿ. ಎರಡು, ಕಟಿಬದ್ಧ ತಾಮ್ರ: ದೃಷ್ಟಿ ತಾಗದಿರಲೆಂದು ಕೂಸಿನ ಉಡದಾರಕ್ಕೆ ಪೋಣಿಸಿದ್ದು, ಇದನ್ನು ವಿಮೆ ಎನ್ನಬೇಕು. ಮೂರು, ಜಲಸ್ಥ ತಾಮ್ರ: ಸೇತುವೆ ದಾಟುವಾಗ ಕೈಮುಗಿದು ಕೃಷ್ಣೆಗೆ ಎಸೆದದ್ದು, ಮುದ್ದತ್ತಿಲ್ಲದ ದೀರ್ಘಾವಧಿ ಠೇವಣಿ. ಉಳಿದ ಎಂಟನ್ನು ಓದುಗರೇ ಹುಟ್ಟಿಸಿಕೊಳ್ಳಲಿ. ಕಾರ್ಯಾಗಾರದಲ್ಲೂ ಕೊನೆಯ ಸ್ಲೈಡುಗಳು ಹೀಗೇ ಓಡಿದವು.

ತೌಲನಿಕ ಅಧ್ಯಯನಕ್ಕೆ ಬರೋಣ. ತಾಮ್ರವು ಬೆಳ್ಳಿಯನ್ನು ಸೋಲಿಸಿದ ಉದಾಹರಣೆ ಹದಿನಾಲ್ಕನೇ ಶತಮಾನದ್ದು. ದೇವಗಿರಿಗೆ ರಾಜಧಾನಿ ಹೊತ್ತುತಂದ ಮಹಮ್ಮದ್ ಬಿನ್ ತುಘಲಕ್, ತಾಮ್ರದ ನಾಣ್ಯವನ್ನೇ ಬೆಳ್ಳಿಯದೆಂದು ತಿಳಿಯಿರಿ ಎಂದು ಅಪ್ಪಣೆ ಮಾಡಿದ. ಪ್ರಜೆಗಳು ಮನೆಮನೆಯಲ್ಲೂ ಟಂಕಸಾಲೆ ತೆರೆದು ಅಪ್ಪಣೆ ಪಾಲಿಸಿದರು. ಕೊನೆಗೆ ಖಜಾನೆಯವರು ಒಳ್ಳೆಯ ನಾಣ್ಯ ಕೊಟ್ಟು ತಾಮ್ರದ ರಾಶಿ ವಾಪಸು ಪಡೆದರು. ಅಂಥ ಹೂಡಿಕೆ ಮತ್ತೆ ಬಂದಿಲ್ಲ.

ಅಮೆರಿಕದಲ್ಲೂ ಪೆನ್ನಿ ಕೂಡಿಡುವ ಪಂಥವೊಂದಿದೆ. 1982ಕ್ಕಿಂತ ಹಿಂದಿನ ಪೆನ್ನಿಯಲ್ಲಿ ನೂರಕ್ಕೆ 95 ಪಾಲು ತಾಮ್ರ, ಆಮೇಲಿನದಕ್ಕೆ ಸತುವಿನ ಮೇಲೆ ತಾಮ್ರದ ಲೇಪ. ಕರಗಿಸಿದರೆ ಅಲ್ಲಿ ಅಪರಾಧ. ನಮ್ಮಲ್ಲೂ 2011ರ ನಾಣ್ಯ ಕಾಯ್ದೆಯಂತೆ ನಾಣ್ಯ ಕರಗಿಸಿದವರಿಗೆ ಏಳು ವರ್ಷದವರೆಗೆ ಜೈಲು. ಆದರೆ ನಡೆಯುವ ನಾಣ್ಯವನ್ನು ನಡೆಸದಿರುವುದು ಇನ್ನೊಂದು ಶಾಸ್ತ್ರ. 10 ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದೆ. ಸಂತೆಯಲ್ಲಿ ಕೊಟ್ಟು ನೋಡಿ, “ನಡಿಯಂಗಿಲ್ರಿ” ಅಂತಾರೆ.

ಇನ್ನು ಗಣಿತ. ದುಡ್ಡಿನ ಕಂಚನ್ನು ತಾಮ್ರವೆಂದೇ ಹಿಡಿದರೆ ಆಯಿಯ ಗಡಗಿಯಲ್ಲಿ 640 ಗ್ರಾಂ. ಲೆಕ್ಕ ಸಲೀಸಾಗಲೆಂದು ಕಿಲೋಗೆ ಸಾವಿರ ಹಿಡಿದರೆ 640 ರೂಪಾಯಿ. 1947ರಲ್ಲಿ 10 ಗ್ರಾಂ ಬಂಗಾರ ತೊಂಬತ್ತರ ಸನಿಹದಲ್ಲಿತ್ತು. ಅದೇ ಐದು ರೂಪಾಯಿಗೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಬರುತ್ತಿತ್ತು. 10 ಗ್ರಾಮಿಗೆ ಲಕ್ಷ ಹಿಡಿದರೂ ಅದರ ಬೆಲೆ ಐದೂವರೆ ಸಾವಿರ. ಬಂಗಾರ ಗೆದ್ದಿತು. ಸಂಪನ್ಮೂಲ ವ್ಯಕ್ತಿಗಳಿಗೆ ಜಯವಾಗಲಿ.

ಗೆದ್ದಿತು, ಕೊಂಡ ಬಂಗಾರ ಕೊಂಡವರ ಮನೆಯಲ್ಲಿ ಇದ್ದಿದ್ದರೆ! ಸ್ಲೈಡಿನಲ್ಲಿ ಬಂಗಾರದ ಗೆರೆ ಏರುತ್ತಲೇ ಹೋಗುತ್ತದೆ, ಅದು ಯಾರ ಕೊರಳಲ್ಲಿತ್ತು ಎಂದು ಗೆರೆ ಹೇಳುವುದಿಲ್ಲ. ಅವ್ವನ ಬೋರಮಾಳ ಮನೆಯಲ್ಲಿ ಇದ್ದದ್ದಕ್ಕಿಂತ ಒತ್ತಿ ಬಿದ್ದದ್ದೇ ಹೆಚ್ಚು. ಬೀಜಕ್ಕೆ ಒಮ್ಮೆ, ಅಕ್ಕನ ಬಾಣಂತನಕ್ಕೆ ಒಮ್ಮೆ. ಉಳಿದದ್ದೆಲ್ಲ ಬೋರಿನ ಮೋಟರಿಗೆ. ನಮ್ಮೂರ ಹತ್ತಿರದ ಕೂಡಗಿಯಲ್ಲಿ 2400 ಮೆಗಾವಾಟ್ ಉಷ್ಣಸ್ಥಾವರವಿದೆ. ಅದರದೇನೂ ತಪ್ಪಿಲ್ಲ, ಆ ಕರೆಂಟು ದೊಡ್ಡ ತಂತಿ ಹಿಡಿದು ದೊಡ್ಡ ಊರಿಗೆ ಹೋಗುತ್ತದೆ. ಹೊಲದ ಸಣ್ಣ ತಂತಿಯಲ್ಲಿ ವೋಲ್ಟೇಜು ಬಿದ್ದು ಮೋಟರು ಸುಡುತ್ತದೆ. ಸುಟ್ಟ ಮೋಟರಿಗೆ ವೈಂಡಿಂಗ್ ಆಗಬೇಕು, ವೈಂಡಿಂಗಿಗೆ ತಾಮ್ರದ ತಂತಿ ಬೇಕು, ತಂತಿಗೆ ರೊಕ್ಕ ಬೇಕು. ಹೀಗೆ ಬಂಗಾರ ಒತ್ತಿ ಇಟ್ಟು ತಾಮ್ರ ತರುವುದು, ಅದನ್ನು ಬಾವಿಗಿಳಿಸಿ ಸುಡುವುದು. ಇದು ಯಾವ ಅಸೆಟ್ ಕ್ಲಾಸು ಸ್ವಾಮಿ? ಇದಕ್ಕೆ ಹಾಕುವ ಬೇಲಿ ನಿಮ್ಮ ಎಷ್ಟನೇ ಸ್ಲೈಡಿನಲ್ಲಿತ್ತು? ಮೂರನೇ ಸಲ ಬಡ್ಡಿ ಕಟ್ಟಲಾಗದೆ ಬೋರಮಾಳ ಹರಾಜಾಯಿತು. ಪೇಪರಿನ ಜಾಹೀರಾತಿನಲ್ಲಿ ಅದು ಸಾಲದ ಖಾತೆಯ ಒಂದು ನಂಬರು. ನಂಬರನ್ನು ನನ್ನ ಕೈಲಿ ಎರಡೆರಡು ಸಲ ಓದಿಸಿ ಅವ್ವ ಒಲೆ ಮುಂದೆ ಹೋಗಿ ಕೂತಳು.

ಪ್ರಬಂಧದ ಹದ ತಪ್ಪಿತು. ಕ್ಷಮಿಸಬೇಕು.

ಜಾಹೀರಾತು ಓದಿದ ಸಂಜೆ ಅಡಕಲು ಇಳಿಸಿ ಗಡಗಿ ತೆಗೆದೆ. ವಿಜಯಪುರಕ್ಕೆ ಒಯ್ದರೆ ತೂಕದ ಮೇಲಾದರೂ ಯಾರೋ ತಗೊಂಡಾರು ಅಂದೆ. ಅವ್ವ ಒಂದು ದುಡ್ಡು ಎತ್ತಿ ತೂತಿನಿಂದ ಬಾಗಿಲ ಕಡೆ ನೋಡಿದಳು. “ಇರಲಿ ಬಿಡೋ. ಇದನ್ನರ ಇಷ್ಟು ವರ್ಷದಾಗ ಯಾರೂ ಕೇಳಿಲ್ಲ” ಅಂದಳು. ಮೇಲೆ ಮತ್ತೆ ಅಡಕಲು ಪೇರಿಸಿದೆವು.

ಈ ಸಲ ವೈಂಡಿಂಗ್ ಮಾಡಿಸಿ ತಂದ ಮೋಟರಿಗೆ ಬೋಲ್ಟು ಸಡಿಲು. ಮೆಕ್ಯಾನಿಕ್ ಹುಡುಗ ಎರಡು ವಾಷರ್ ಇದ್ದರೆ ಕೊಡ್ರಿ ಅಂದ. ಅವ್ವ ಒಳಗೆ ಹೋಗಿ ಮೂರು ತಂದುಕೊಟ್ಟಳು.