ಸಾಫ್ಟ್‌ವೇರ್ ಭೋಗ್ಯಕ್ಕೆ ಸಿಗುತ್ತದೆಯೇ?

ನಮ್ಮ ಕ್ರಾಸಿನ ಕ್ಯಾಮೆರಾ ರಾಯರಿಗೆ ಭಾಗಾಕಾರ, ಗುಣಾಕಾರ ಎರಡೂ ಕರಗತ. ಯಾವುದನ್ನು ಎಲ್ಲಿ ಪ್ರಯೋಗಿಸಬೇಕೆಂಬುದನ್ನು ಬ್ಯಾಂಕಿನ ನೌಕರಿ ಕಲಿಸಿದೆ. 1,60,000 ರೂಪಾಯಿ ಸುರಿದು 200-600 ಲೆನ್ಸ್ ತಂದ ದಿನ ಮಡದಿಯ ಮುಂದೆ ಭಾಗಾಕಾರ: “ಇಪ್ಪತ್ತು ವರ್ಷ ಬಾಳಿಕೆ ಬರುತ್ತೆ ಕಣೇ. ದಿನಕ್ಕೆ 22 ರೂಪಾಯಿ, ಒಂದು ಕಾಫಿ ದುಡ್ಡು.” ಫೋಟೊ ತಿದ್ದುವ ಸಾಫ್ಟ್‌ವೇರಿನ ಮಾತು ಬಂತೋ, ಗುಣಾಕಾರ. ತಿಂಗಳ ಚಂದಾ, ಇಂಟು ಹನ್ನೆರಡು, ಇಂಟು ಹತ್ತು ವರ್ಷ, ಅದರ ಮೇಲೆ ಜಿಎಸ್‌ಟಿ. ಮೊತ್ತ ನೋಡಿ ಅವರೇ ಬೆಚ್ಚುತ್ತಾರೆ.

“ಫೋಟೊ ನಂದು, ಕಂಪ್ಯೂಟರ್ ನಂದು. ಇವರಿಗ್ಯಾಕ್ರೀ ತಿಂಗಳು ತಿಂಗಳು ಬಾಡಿಗೆ? ಭೋಗ್ಯಕ್ಕಾದರೂ ಕೊಡಲಿ, ಒಂದಿಷ್ಟು ಗಂಟು ಇಟ್ಟು ಆಮೇಲೆ ವಾಪಸ್ ತಗೋತೀನಿ!” ಮಹಡಿಯ ಎರಡು ಮನೆಗಳ ಬಾಡಿಗೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಏರಿಸುವವರ ಬಾಯಲ್ಲಿ ಈ ಮಾತು ಕೇಳಲು ಬಲು ಸೊಗಸು.

ರಾಯರ ಬಳಿ ಅಡೋಬಿ ಕಂಪನಿಯ 2015ರ ಲೈಟ್‌ರೂಮ್ 6 ಇದೆ. ಒಮ್ಮೆ ದುಡ್ಡು ಕೊಟ್ಟು ನಮ್ಮದಾಗಿಸಿಕೊಳ್ಳಬಹುದಾಗಿದ್ದ ಕಡೆಯ ಲೈಟ್‌ರೂಮ್ ಅದೇ. 2017ರಲ್ಲಿ ಅಡೋಬಿ ಆ ಪದ್ಧತಿ ಬಿಟ್ಟು ಚಂದಾ ದಾರಿಯೊಂದನ್ನೇ ಉಳಿಸಿತು. ಆಮೇಲೆ ಬಂದ ಕ್ಯಾಮೆರಾಗಳ ರಾ ಫೈಲುಗಳ ಗುರುತು ಅದಕ್ಕೆ ಸಿಕ್ಕುವುದಿಲ್ಲ. ಹಾಗಾಗಿ ರಾಯರು ಅಡೋಬಿಯದೇ ಪುಕ್ಕಟೆ ಕನ್ವರ್ಟರ್ ಹಾಕಿ ಎಲ್ಲವನ್ನೂ ಆ ಹಳೆಯ ಲೈಟ್‌ರೂಮ್ ಓದಬಲ್ಲ ಡಿಎನ್‌ಜಿ ಫೈಲು ಮಾಡುತ್ತಾರೆ. ರಂಗನತಿಟ್ಟಿಗೆ ಹೋಗಿ ಬಂದ ರಾತ್ರಿ ಅವರ ಕಂಪ್ಯೂಟರಿನ ಫ್ಯಾನು ಬೆಳಗಿನ ತನಕ ಗೊರಕೆ ಹೊಡೆಯುತ್ತದೆ.

ಉಳಿದ ಕಾಲ ಟ್ರಯಲ್‌ಗಳದ್ದು. ಒಮ್ಮೆ ಕ್ಯಾಪ್ಚರ್ ಒನ್, ಇನ್ನೊಮ್ಮೆ ಡಿಎಕ್ಸ್‌ಒ. ಪರೀಕ್ಷೆಗೆ ಕೂರುವುದು ಒಂದೇ ಮಿಂಚುಳ್ಳಿ, ಮೋಡದ ಸಂಜೆ ಐಎಸ್‌ಒ 6400ರಲ್ಲಿ ಸಿಕ್ಕಿದ್ದು. ಅದರ ಕಣ್ಣನ್ನು 400 ಪರ್ಸೆಂಟ್ ಹಿಗ್ಗಿಸಿ, “ಇಲ್ಲಿ ಪುಕ್ಕ ಬಿಡಿಬಿಡಿಯಾಗಿದೆ, ಅಲ್ಲಿ ಮೇಣ ಮೆತ್ತಿದ ಹಾಗಿದೆ, ಕಾಣಿಸ್ತಾ?” ಎನ್ನುತ್ತಾರೆ. ನನಗೆ ಕಾಣುವುದು ಚೌಕಳಿ ಲುಂಗಿ. ಕಾಣಿಸಿತು ಎನ್ನುತ್ತೇನೆ, ಕಾಫಿ ಬರಬೇಕಲ್ಲ. ಇಷ್ಟೆಲ್ಲ ಆಗಿ ಆ ಹಕ್ಕಿ ಸೇರುವುದು ವಾಟ್ಸ್‌ಆ್ಯಪ್ ಸ್ಟೇಟಸ್ಸನ್ನು. ಅಲ್ಲಿ ಪುಕ್ಕವೂ ಒಂದೇ, ಮೇಣವೂ ಒಂದೇ.

2025ರಲ್ಲಿ ಅಫಿನಿಟಿ ಎಂಬ ಇನ್ನೊಂದು ಸಾಫ್ಟ್‌ವೇರ್ ಪುಕ್ಕಟೆಯಾದಾಗ ರಾಯರಿಗೆ ಪರಮಾನಂದವಾಯಿತು: ಮೊದಲೇ ದುಡ್ಡು ಕೊಟ್ಟು ಕೊಂಡವರ ಪಟ್ಟಿಯಲ್ಲಿ ತಾವಿಲ್ಲವೆಂದು. ಹಾಕಿಕೊಂಡರೇ ಎಂದರೆ, ಇಲ್ಲ. “ಇವತ್ತು ಪುಕ್ಕಟೆ ಅಂತಾರೆ, ನಾಳೆ ಏನಂತಾರೋ!”

ಕೊನೆಗೆ ಮಹಡಿ ಮನೆಯ ಹುಡುಗನೇ ಡಾರ್ಕ್‌ಟೇಬಲ್ ಹಾಕಿಕೊಟ್ಟ. “ಇದು ಓಪನ್ ಸೋರ್ಸ್, ಅಂಕಲ್. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ.”

ರಾಯರು ಕನ್ನಡಕ ಏರಿಸಿದರು. “ಅದೆಲ್ಲ ಸರಿನಪ್ಪಾ, ಕೆಟ್ಟರೆ ರಿಪೇರಿ ಮಾಡಿಕೊಡೋರು ಯಾರು?”

“ಅದನ್ನೇ ನಾನೂ ಕೇಳೋಣ ಅಂತಿದ್ದೆ ಅಂಕಲ್. ಬಾತ್‌ರೂಮಿನ ನಲ್ಲಿ ಸೋರೋಕೆ ಶುರುವಾಗಿ ತಿಂಗಳಾಯ್ತು.”