ಗೃಹಸಂಚಯ ಮೀಮಾಂಸೆ

ಯಾವ ಶಾಸ್ತ್ರವಾದರೂ ತನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸಿಯೇ ಮುಂದಡಿಯಿಡತಕ್ಕದ್ದೆಂಬುದು ಶಿಷ್ಟರ ಸಂಪ್ರದಾಯವಾಗಿರುವುದರಿಂದ, ಮನೆಯಲ್ಲಿ ತುಂಬಿ ತುಳುಕುವ ಸಾಮಾನುಗಳನ್ನು ಹೊರಹಾಕುವ ಬಗೆಯನ್ನು ಕುರಿತ ಈ ಮೀಮಾಂಸೆಯೂ ಆ ಕ್ರಮವನ್ನು ಮೀರಲಾರದು. ಇದರ ವಿಷಯವು ಗೃಹಸಂಚಯ. ಎಂದರೆ, ಮಲಪ್ರಭೆಯ ದಂಡೆಯ ರಾಮದುರ್ಗ ಪಟ್ಟಣದ ಮನೆಗಳಲ್ಲಿ ಅಟ್ಟದ ಮೇಲೆ, ಗೋಡೆಯ ಮಾಡಗಳಲ್ಲಿ, ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ, ಟ್ರಂಕಿನ ಒಳಗೂ ಅದಕ್ಕಿಂತ ಹೆಚ್ಚಾಗಿ ಅದರ ಮೇಲೂ ನೆಲೆಗೊಂಡಿರುವ ವಸ್ತುಸಮೂಹ. ಪ್ರಯೋಜನವು ಕಾಲಿಡುವಷ್ಟು ನೆಲ. ಇನ್ನು ಆ ವಸ್ತುಗಳಿಗೆ ಪರಸ್ಪರವಿರುವ ಸಂಬಂಧವು ವೈಶೇಷಿಕರು ಹೇಳುವ ಸಂಯೋಗವೋ ಸಮವಾಯವೋ ಎಂದು ಕೇಳಿದರೆ, ಬಿಡಿಸಬಹುದಾದದ್ದು ಸಂಯೋಗವೆಂದೂ ಬಿಡಿಸಲಾಗದ್ದು ಸಮವಾಯವೆಂದೂ ಲಕ್ಷಣವಿರುವುದರಿಂದ, ಹಳೆಯ ಮೊಬೈಲ್ ಚಾರ್ಜರುಗಳ ವೈರುಗಳನ್ನು ಒಂದೇ ಡಬ್ಬಿಯಲ್ಲಿ ಒಮ್ಮೆಯಾದರೂ ಕಂಡವರು ಅದನ್ನು ಸಮವಾಯವೆಂದೇ ಒಪ್ಪುವರು.

ಅಧಿಕಾರಿಯ ನಿರ್ಣಯವೇ ಇಲ್ಲಿ ಕಠಿನವಾದದ್ದು. ಮಹಾನವಮಿಯ ಹಿಂದಿನ ವಾರ, ನೆರೆಹೊರೆಯವರೆಲ್ಲ ಹಾಸಿಗೆ ಕೌದಿಗಳನ್ನು ಹೊತ್ತು ಹೊಳೆಗೆ ಹೊರಟಿರುವ ಹೊತ್ತಿನಲ್ಲಿ, ಕಸಬರಿಗೆ ಹಿಡಿದು ಉತ್ಸಾಹದಿಂದ ಅಟ್ಟ ಹತ್ತಿದವನು, ಮಧ್ಯಾಹ್ನ ಊಟಕ್ಕೆ ಕರೆಯಹೋದವರಿಗೆ, ಕಪಾಟಿನ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯಲ್ಲಿ ಎಂದೋ ಮುಗಿದುಹೋದ ಕ್ರಿಕೆಟ್ ಪಂದ್ಯದ ವರದಿಯನ್ನೋದಿ ಅದರ ಮುಂದುವರಿದ ಭಾಗಕ್ಕಾಗಿ ಮಿಕ್ಕ ಕಪಾಟುಗಳನ್ನೆಲ್ಲ ಬರಿದುಮಾಡುತ್ತಿರುವ ಸ್ಥಿತಿಯಲ್ಲಿ ದೊರೆಯುವನೋ, ಅವನೇ ಈ ಶಾಸ್ತ್ರಕ್ಕೆ ಮುಖ್ಯಾಧಿಕಾರಿ. ೨೦೧೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯ ಗ್ರಂಥದ ಐದನೆಯ ಆವೃತ್ತಿಯಲ್ಲಿ ಪ್ರತ್ಯೇಕ ವ್ಯಾಧಿಯೆಂದು ಗಣಿಸಿದ ಸಂಚಯವ್ಯಾಧಿಯುಳ್ಳವನು ಇವನಲ್ಲ. ಒಂದು ಹರಕು ಚೀಲವನ್ನು ಬಿಡುವುದಕ್ಕೂ ಪ್ರಾಣಸಂಕಟಪಡುವ ಆ ಜೀವಕ್ಕೆ ಹಾಸ್ಯವು ಔಷಧವಲ್ಲವಾದ್ದರಿಂದ ಧಾರವಾಡದ ಡಿಮ್ಹಾನ್ಸಿನಂಥಲ್ಲಿ ವೈದ್ಯರ ನೆರವೇ ಅದಕ್ಕೆ ಗತಿ. ನಮ್ಮ ಅಧಿಕಾರಿಯಾದರೋ ಬಿಡಲು ಸಿದ್ಧನೇ. ಆರಂಭಿಸಲು ಮಾತ್ರ ಅಸಮರ್ಥ. ಎ.ಡಿ.ಎಚ್.ಡಿ., ಆಟಿಸಂ ಮೊದಲಾದ ಹೆಸರುಗಳಿಂದ ಇಂದಿನ ವೈದ್ಯರು ಗುರುತಿಸುವ ಭಿನ್ನವಾದ ಮಿದುಳಿನವರು, ಹಾಗೂ ಬಾಣಂತಿತನ, ದುಃಖ, ಶುಶ್ರೂಷೆ, ಸಾಲ ಇವುಗಳ ಭಾರದಲ್ಲಿ ಕುಸಿದು ಕೂತವರು, ಈ ಎರಡು ವರ್ಗದವರಲ್ಲಿಯೂ ಯೋಜಿಸುವ, ಕ್ರಮಗೊಳಿಸುವ, ತೊಡಗುವ, ತೊಡಗಿದ್ದನ್ನು ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿಗಳೇ ಬಳಲಿರುತ್ತವೆ, ಕೈಕಾಲುಗಳಲ್ಲ.

ಸಂಚಯದ ಪ್ರಾಚೀನತೆಯನ್ನು ಕುರಿತು ಎರಡು ಮಾತು. ಇದೇ ಮಲಪ್ರಭೆಯ ಕಣಿವೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮಹಾಶಯರು ಹತ್ತೊಂಬತ್ತನೆಯ ಶತಮಾನದಲ್ಲಿ ಆದಿಶಿಲಾಯುಗದ ಆಯುಧಗಳನ್ನು ಕಂಡರು, ಆರ್. ವಿ. ಜೋಶಿಯವರು ೧೯೫೫ರಲ್ಲಿ ಈ ಕಣಿವೆಯನ್ನು ಕುರಿತೇ ಗ್ರಂಥವೊಂದನ್ನು ಪ್ರಕಟಿಸಿದರು. ಆ ಕೈಗೊಡಲಿಗಳಿಂದ ವಿದ್ವಾಂಸರು ಆದಿಮಾನವನ ಬುದ್ಧಿಕೌಶಲವನ್ನು ಊಹಿಸಿದರೇ ಹೊರತು, ಬಳಸಿದ ಸಾಮಾನನ್ನು ಬಳಸಿದಲ್ಲಿಯೇ ಬಿಟ್ಟು ಎದ್ದುಹೋಗುವ ರೂಢಿಯು ಈ ಹೊಳೆಯ ದಂಡೆಯಲ್ಲಿ ಅಷ್ಟೇ ಪುರಾತನವಾದುದೆಂಬ, ಅದಕ್ಕಿಂತ ಸ್ಪಷ್ಟವಾದ ಅನುಮಾನವನ್ನು ಮಾಡಿದಂತೆ ತೋರುವುದಿಲ್ಲ. ಆದಿಮಾನವನು ಅಚ್ಚುಕಟ್ಟುಗಾರನಾಗಿದ್ದಿದ್ದರೆ ಪುರಾತತ್ತ್ವಶಾಸ್ತ್ರಕ್ಕೆ ಅನ್ನವೇ ಇರುತ್ತಿರಲಿಲ್ಲ.

ಅಟ್ಟದ ಸ್ತರವಿನ್ಯಾಸವೂ ಇಂಥದೇ. ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಭಾವೆ ಮನೆತನದ ಸಂಸ್ಥಾನ ಕಾಲದ ಮೋಡಿ ಅಕ್ಷರದ ಕಾಗದವೊಂದು ಇರುವುದುಂಟು. ಅದನ್ನು ಓದಬಲ್ಲವರು ಮನೆಯಲ್ಲಿ ಯಾರೂ ಇಲ್ಲದಿರುವುದರಿಂದಲೇ ಅದು ಅತ್ಯಂತ ಮಹತ್ತ್ವದ್ದೆಂದು ಸರ್ವಸಮ್ಮತವಾಗಿದೆ. ಅದರ ಮೇಲೆ, ೧೯೪೮ರಲ್ಲಿ ಸಂಸ್ಥಾನವು ವಿಲೀನವಾದ ಮುಂಬಯಿ ಪ್ರಾಂತದ ಪಾವತಿಗಳು. ಅದರ ಮೇಲೆ, ೧೯೫೬ರ ಅನಂತರದ ಮೈಸೂರು ರಾಜ್ಯದ ಶಾಲಾ ದಾಖಲೆಗಳು. ೧೯೭೩ರಿಂದೀಚೆಗೆ ಕರ್ನಾಟಕದ ರೇಷನ್ ಕಾರ್ಡುಗಳು. ತುತ್ತತುದಿಯಲ್ಲಿ ಮಿಕ್ಸರಿನ ಖಾಲಿ ರಟ್ಟಿನ ಪೆಟ್ಟಿಗೆ. ನಾಲ್ಕು ಆಡಳಿತಗಳು ಬಂದವು. ಒಂದರ ಕಾಲದಲ್ಲಿಯೂ ಅಟ್ಟವು ಪೂರ್ತಿಯಾಗಿ ಇಳಿಯಲಿಲ್ಲ.

ಈಗ ಸಂಶಯ: ಇಂಥ ಮನೆಗೆ ಕಾರಣವಾವುದು? ಇಲ್ಲಿ ಪೂರ್ವಪಕ್ಷಗಳು ನಾಲ್ಕು.

ಮೊದಲನೆಯವನು ಆಲಸ್ಯವಾದಿ. ಇವನು ಪ್ರಾಯಶಃ ಪುಣೆಯಿಂದ ರಜೆಗೆ ಬಂದ ಭಾವನ ರೂಪದಲ್ಲಿರುತ್ತಾನೆ. "ಇದೇನ್ ಮಹಾ, ಒಂದ್ ದಿನದ ಕೆಲಸ" ಎಂಬುದು ಇವನ ಮಹಾವಾಕ್ಯ. ಇದು ಸಲ್ಲದು. ನೀರಿನ ಚರಗಿಯನ್ನು ಒಳಗಿಡಲು ಅಡಿಗೆಮನೆಗೆ ಹೋಗಿ, ಅಲ್ಲಿ ಉಪ್ಪು ಮುಗಿದಿರುವುದನ್ನು ಕಂಡು, ಉಪ್ಪು ತರಲು ಕೈಚೀಲವನ್ನು ಹುಡುಕಿ, ಚೀಲದಲ್ಲಿ ದೊರೆತ ಕರೆಂಟ್ ಬಿಲ್ಲನ್ನು ಕಟ್ಟಲು ಹೆಸ್ಕಾಂ ಕಚೇರಿಗೆ ನಡೆದು, ಕೊನೆಗೆ ಚರಗಿಯನ್ನು ಅಲ್ಲಿಯ ಕೌಂಟರಿನ ಮೇಲೆ ಮರೆತು ಉಪ್ಪಿಲ್ಲದೆ ಮರಳಿದವನಿಗೆ ಇಡೀ ದಿನದಲ್ಲಿ ಕೂರಲು ಕ್ಷಣವಾದರೂ ದೊರೆತಿರುವುದಿಲ್ಲ. ಆಲಸ್ಯಕ್ಕೆ ಇಷ್ಟು ಓಡಾಟವುಂಟೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಎರಡನೆಯವನು ಅಪರಿಗ್ರಹವಾದಿ. ಪತಂಜಲಿಗಳು ಐದು ಯಮಗಳಲ್ಲಿ ಕಡೆಯದಾಗಿ ಎಣಿಸಿದ ಅಪರಿಗ್ರಹದ ಕೊರತೆಯೇ ಸಂಚಯಕ್ಕೆ ಮೂಲವೆಂದು ಇವನ ಮತ. ಆದರೆ ನಮ್ಮ ಅಧಿಕಾರಿಯ ಮನೆಯಲ್ಲಿ ನಾಲ್ಕು ಕತ್ತರಿಗಳಿರುವುದು ಕತ್ತರಿಗಳ ಮೇಲಣ ವ್ಯಾಮೋಹದಿಂದಲ್ಲ. ಮೊದಲನೆಯ ಮೂರು ಬೇಕಾದಾಗ ಸಿಕ್ಕದ್ದರಿಂದ.

ಮೂರನೆಯದು ಜಪಾನಿನ ಮಾರಿಯೆ ಕೊಂಡೊ ಅವರ ಪ್ರಸ್ಥಾನ. ೨೦೧೧ರಲ್ಲಿ ಹೊರಟ ಅವರ ಗ್ರಂಥದ ಪ್ರಕಾರ ಒಂದು ಜಾತಿಯ ವಸ್ತುಗಳನ್ನೆಲ್ಲ ಒಟ್ಟಿಗೆ ರಾಶಿ ಹಾಕಿ, ಒಂದೊಂದನ್ನೂ ಕೈಯಲ್ಲಿ ಹಿಡಿದು, ಆನಂದವು ಹುಟ್ಟಿದರೆ ಇಟ್ಟುಕೊಳ್ಳತಕ್ಕದ್ದು. ರೊಟ್ಟಿಯ ಹಂಚನ್ನು ಹಿಡಿದರೆ ಕೈಗೆ ಮಸಿಯೇ ಹೊರತು ಆನಂದವು ಹುಟ್ಟದು. ಆನಂದವು ಆಮೇಲೆ, ರೊಟ್ಟಿ ಉಬ್ಬಿದಾಗ. ಅದೂ ಇರಲಿ, ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ರಾಶಿ ಹಾಕಿದ ನಮ್ಮ ಅಧಿಕಾರಿಗೆ ಹತ್ತನೆಯ ಅಂಗಿಯ ಹೊತ್ತಿಗೆ ನಿರ್ಣಯಶಕ್ತಿ ಬತ್ತಿಹೋಗಿ, ಅವನು ಆ ರಾತ್ರಿ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಬೇಕಾಗುವುದು. ಆಚಾರ್ಯೆಯೇ ಮೂರನೆಯ ಮಗುವಾದ ಮೇಲೆ ತಾವು ಅಚ್ಚುಕಟ್ಟನ್ನು ಬಹುಮಟ್ಟಿಗೆ ಕೈಬಿಟ್ಟುದಾಗಿ ೨೦೨೩ರಲ್ಲಿ ಒಪ್ಪಿಕೊಂಡದ್ದರಿಂದ, ಈ ಪಕ್ಷವನ್ನು ನಾವು ಖಂಡಿಸುವ ಅಗತ್ಯವಿಲ್ಲ.

ನಾಲ್ಕನೆಯದಾದ ಮಾತಾಮಹೀಪ್ರಸ್ಥಾನವನ್ನು ಮಾತ್ರ ಆದರದಿಂದ ಪರಿಶೀಲಿಸಬೇಕು. "ಇರ್ಲಿ ತಗೋ, ಯಾವಾಗರ ಬೇಕಾಕ್ಕೈತಿ" ಎಂಬುದು ಇದರ ಏಕೈಕ ಸೂತ್ರ. ಇದು ಬರಿಯ ಲೋಭವಲ್ಲ. ಹರಿದ ಸೀರೆಯು ಕೌದಿಯಾಗುತ್ತದೆ. ಹಳೆಯ ಬಟ್ಟೆಯ ಗಂಟು ಭಾಂಡೆ ಮಾರುವವಳು ಬಂದಾಗ ಬೋಗಾಣಿಯಾಗುತ್ತದೆ. ಮುರಿದ ಕುರ್ಚಿಯ ಕಾಲು ಹೋಳಿಹುಣ್ಣಿಮೆಯಲ್ಲಿ ಕಾಮಣ್ಣನಿಗೆ ಸಲ್ಲುತ್ತದೆ. ಮೇಲಾಗಿ ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಈ ತಾಲ್ಲೂಕಿನ ಹೊಳೆದಂಡೆಯ ಮನೆಗಳಿಗೆ ನುಗ್ಗಿದಾಗ, ಏನನ್ನು ಇಡಬೇಕು ಏನನ್ನು ಬಿಡಬೇಕೆಂದು ಅದು ಯಾರನ್ನೂ ಕೇಳಲಿಲ್ಲ. ಆ ನೀರನ್ನು ಕಂಡವರು ಒಂದು ತೂತುಬಿದ್ದ ಕೊಡವನ್ನು ಬಿಡಲೊಲ್ಲದಿದ್ದರೆ ಅವರಿಗೆ ವೈರಾಗ್ಯವನ್ನು ಬೋಧಿಸುವುದು ಅವಿವೇಕ. ಈ ಪ್ರಸ್ಥಾನದ ದೋಷವು ಸೂತ್ರದಲ್ಲಿಲ್ಲ, ಅನುಷ್ಠಾನದಲ್ಲಿದೆ. ಅಜ್ಜಿಯು ಸೀರೆಯನ್ನು ಇಟ್ಟಳು, ಸೂಜಿದಾರವನ್ನೂ ಹಿಡಿದಳು. ಮೊಮ್ಮಗನು ಸೀರೆಯನ್ನು ಮಾತ್ರ ಇಟ್ಟನು. ಅವನ ಟ್ರಂಕಿನಲ್ಲಿರುವುದು ಕೌದಿಯಲ್ಲ, ಕೌದಿಯ ಪ್ರಾಗಭಾವ.

ಅಭಾವದ ಮಾತು ಬಂದುದರಿಂದ ಸಿದ್ಧಾಂತಕ್ಕೆ ಬರೋಣ. ನೈಯಾಯಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಕತ್ತರಿಯನ್ನು ಕೊಳ್ಳುವ ಮುನ್ನಿನದು ಪ್ರಾಗಭಾವ. ಅದು ಮುರಿದ ಮೇಲಿನದು ಪ್ರಧ್ವಂಸಾಭಾವ. ಕತ್ತರಿಗೆಂದೇ ಹೊಡೆದ ಮೊಳೆಯ ಮೇಲೆ ಅದು ತ್ರಿಕಾಲದಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ಕೊನೆಗೆ ಯಾವ ಉಗುರುಕಟ್ಟರಿನಿಂದ ದಾರವನ್ನು ಕತ್ತರಿಸಿದರೋ ಅದು ಕತ್ತರಿಯಲ್ಲವೆಂಬುದು ಅನ್ಯೋನ್ಯಾಭಾವ. ಆದರೆ ಕತ್ತರಿಯು ಮನೆಯಲ್ಲಿದ್ದೂ ಇಲ್ಲವಾಗುವ ಐದನೆಯದೊಂದು ಅಭಾವವುಂಟು. ಅದನ್ನು ಮಿಥಿಲೆಯ ಗಂಗೇಶೋಪಾಧ್ಯಾಯರಂಥವರೂ ಗಮನಿಸಲಿಲ್ಲ. ಕಾರಣ ಸ್ಪಷ್ಟವಿದೆ. ಒಂದು ವಸ್ತು ಇದ್ದಿದ್ದರೆ ಕಾಣತಕ್ಕದ್ದಾಗಿತ್ತು, ಕಾಣಲಿಲ್ಲ, ಆದ್ದರಿಂದ ಇಲ್ಲ ಎಂಬ ಯೋಗ್ಯಾನುಪಲಬ್ಧಿಯ ನೆರವಿನಿಂದಲೇ ಅಭಾವಜ್ಞಾನವು ಹುಟ್ಟುವುದೆಂದು ಅವರ ನಿಯಮ. ನೆಲದ ಮೇಲೆ ಗಡಿಗೆಯಿಲ್ಲ ಎಂಬುದು ಅವರ ನಿತ್ಯದ ಉದಾಹರಣೆ. ಇದನ್ನು ಹೇಳುವಾಗ ನೆಲವು ಕಾಣುತ್ತಿರುತ್ತದೆಂದು ಅವರು ನಿಶ್ಶಂಕೆಯಿಂದ ನಂಬಿದರು. ನಮ್ಮ ಅಧಿಕಾರಿಯ ಮನೆಯಲ್ಲಿ ನೆಲವೇ ಕಾಣದು, ಇದ್ದದ್ದೂ ಕಾಣದು, ಆದುದರಿಂದ ಇಲ್ಲವೆಂಬ ಜ್ಞಾನವೂ ಹುಟ್ಟದು, ಹುಟ್ಟದ್ದರಿಂದಲೇ ಸಂಶಯವು ಬೆಳೆದು ಐದನೆಯ ಕತ್ತರಿಯು ಸಂತೆಯಿಂದ ಬರುತ್ತದೆ. ಹೀಗೆ ಸಂಚಯವೆಂಬುದು ನೀತಿಯ ದೋಷವಲ್ಲ, ಪ್ರಮಾಣದ ದೋಷವೆಂದು ಸಿದ್ಧವಾಯಿತು. ಕಣ್ಣಿಂದ ಮರೆಯಾದದ್ದು ಮನಸ್ಸಿನಿಂದಲೂ ಮರೆಯಾಗುವ ಚಿತ್ತಕ್ಕೆ ಬೇಕಾದದ್ದು ಹೊಳೆಯುವ ಮನೆಯಲ್ಲ, ಕಾಣುವ ಮನೆ.

ಇದಕ್ಕೆ ದೃಷ್ಟಾಂತವನ್ನು ದೂರ ಅರಸಬೇಕಿಲ್ಲ. ರಾಮದುರ್ಗದಲ್ಲಿಯೂ ಸುರೇಬಾನ ಮನಿಹಾಳಗಳಲ್ಲಿಯೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ನೇಕಾರನಿಗೆ ಲಾಳಿ, ಕಂಡಿಕೆ, ಕಡಿದ ಎಳೆಗೆ ಹುರಿಗೂಡಿಸುವ ನೂಲು, ಇವೆಲ್ಲವೂ ಕೈಗೆಟುಕುವಲ್ಲಿ, ಕಣ್ಣೆದುರಿನಲ್ಲಿ ಇರುತ್ತವೆ. ಮಗ್ಗದ ಮನೆಯನ್ನು ಕಂಡು ಅಸ್ತವ್ಯಸ್ತವೆನ್ನುವ ಅತಿಥಿಯು ಅವನ ಲಾಳಿಯನ್ನು ತೊಳೆದು ಒರೆಸಿ ಕಪಾಟಿನಲ್ಲಿ ಅಂದವಾಗಿ ಮುಚ್ಚಿಟ್ಟರೆ ಆ ದಿನದ ಸೀರೆಯು ಅಲ್ಲಿಗೇ ನಿಂತಿತು. ಆದಕಾರಣ ಕಪಾಟಿಗೆ ಬಾಗಿಲಿಲ್ಲದಿರುವುದು ಲೇಸು. ಡಬ್ಬಿಯು ಗಾಜಿನದೋ ಪಾರದರ್ಶಕವಾದ ಪ್ಲಾಸ್ಟಿಕ್ಕಿನದೋ ಆಗಿರುವುದು ಲೇಸು. ವಸ್ತುವಿನ ಸ್ಥಾನವು ಶೋಭೆಯಿಂದಲ್ಲ, ಬಳಕೆಯಿಂದ ನಿರ್ಣಯವಾಗತಕ್ಕದ್ದು. ಅಂಗಿಯು ನಿತ್ಯವೂ ಕುರ್ಚಿಯ ಮೇಲೆಯೇ ಬೀಳುವುದಾದರೆ ಕುರ್ಚಿಯನ್ನು ತೆಗೆದು ಅಲ್ಲಿಯೇ ಒಂದು ಗೂಟವನ್ನು ಹೊಡೆಯಿರಿ; ಅಂಗಿಯು ತನ್ನ ಸ್ಥಾನವನ್ನು ತಾನೇ ಆರಿಸಿಕೊಂಡಿದೆ.

ಇನ್ನು ವಿಧಿ. ಮನೆಯನ್ನೆಲ್ಲ ಹಿಡಿಯಕೂಡದು, ಒಂದು ಮಾಡವನ್ನು ಹಿಡಿಯತಕ್ಕದ್ದು. ಮಾಡದಲ್ಲಿದ್ದದ್ದನ್ನು ಇರತಕ್ಕದ್ದು, ಹೋಗತಕ್ಕದ್ದು, ತಿಳಿಯದ್ದು ಎಂದು ಮೂರು ಪಾಲು ಮಾಡಿ, ತಿಳಿಯದ್ದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮೇಲೆ ತಾರೀಖು ಬರೆಯುವುದು. ವರ್ಷ ತಿರುಗುವವರೆಗೆ ಯಾರೂ ಕೇಳದಿದ್ದರೆ ನಿರ್ಣಯವು ತಾನಾಗಿ ಆಯಿತು. ಹೋಗತಕ್ಕದ್ದು ಅಂದೇ ಮೋಡಕಾದವನ ಗಾಡಿಗೋ ರದ್ದಿಯ ಅಂಗಡಿಗೋ ಹೋಗತಕ್ಕದ್ದು. ಬಾಗಿಲಲ್ಲಿ ಒಂದು ರಾತ್ರಿ ತಂಗಿದ ಗಂಟು ಬೆಳಗಾಗುವಷ್ಟರಲ್ಲಿ ಮತ್ತೆ ಮನೆಯ ಸದಸ್ಯನಾಗುವುದು. ಮತ್ತು ಮಾಡವೊಂದು ಮುಗಿದರೆ ಅಂದಿನ ಕರ್ಮವು ಪೂರ್ಣ. ಎರಡನೆಯದಕ್ಕೆ ಕೈ ಹಾಕಿದವನು ಮೊದಲನೆಯದನ್ನು ಮರೆಯುವನು.

ಕಡೆಯದಾದರೂ ಮುಖ್ಯವಾದ ಅಂಗವು ಸಹಾಸೀನೆ, ಎಂದರೆ ಜತೆಗೆ ಕೂರುವವಳು. ಒಬ್ಬನೇ ತೊಡಗಲಾರದವನು ಎದುರಿಗೊಬ್ಬರು ಕೂತಿದ್ದರೆ ತೊಡಗಬಲ್ಲನೆಂಬುದು ಎ.ಡಿ.ಎಚ್.ಡಿ. ಉಳ್ಳವರಲ್ಲಿ ಬಹುಜನರ ಅನುಭವಸಿದ್ಧ ಸಂಗತಿ. ಆದ್ದರಿಂದ ಕಾಕು, ಅತ್ಯಾ, ನೆರೆಮನೆಯ ಅಕ್ಕ, ಇವರಲ್ಲಿ ಒಬ್ಬರು ಅಕ್ಕಿಯ ಮೊರವನ್ನೋ ಬಿಡಿಸುವ ಬೆಳ್ಳುಳ್ಳಿಯನ್ನೋ ತಂದು ಹೊಸ್ತಿಲ ಬಳಿ ಕೂರತಕ್ಕದ್ದು. ಅವರು ನೆರವಾಗಬೇಕಿಲ್ಲ, ಸಲಹೆಯನ್ನು ಕೊಡಲೇಕೂಡದು. ಇರುವುದೇ ಅವರ ಕರ್ತವ್ಯ. ಇಂಥ ಸಹಾಸೀನೆಯು ನಡುವೆ ಬಾಯಿತಪ್ಪಿ "ಇಷ್ಟ್ ದಿನಾ ಏನ್ ಮಾಡಾಕತ್ತಿದ್ಯೋ?" ಎಂದುಬಿಟ್ಟರೆ ಕರ್ಮವು ಅಲ್ಲಿಗೇ ಭಂಗವಾಗಿ, ಕರ್ತೃವು ಕಸಬರಿಗೆಯನ್ನು ಎಸೆದು ಮಲಗುವನಾದ್ದರಿಂದ, ಆ ಮಾತಿಗೆ ಪ್ರಾಯಶ್ಚಿತ್ತವನ್ನು ವಿಧಿಸದಿರಲಾಗದು: ಅಂದವರು ಆ ಸಂಜೆಯೇ ತಮ್ಮ ಮನೆಯ ಅಟ್ಟವನ್ನು ಓಣಿಯ ಐದು ಮಂದಿಯ ಸಮಕ್ಷಮದಲ್ಲಿ ಇಳಿಸಿ ತೋರಿಸತಕ್ಕದ್ದು. ಈ ಪ್ರಾಯಶ್ಚಿತ್ತಕ್ಕೆ ಒಪ್ಪಿದವರು ರಾಮದುರ್ಗದಲ್ಲಿ ಈವರೆಗೆ ಒಬ್ಬರೂ ದೊರೆತಿಲ್ಲವಾದಕಾರಣ, ಆ ಮಾತನ್ನು ಆಡುವ ಅಧಿಕಾರವೂ ಯಾರಿಗೂ ಇಲ್ಲವೆಂದೇ ನಿರ್ಣಯ.